ಇನ್ನೂರ ನಲವತ್ತು ಮೈಕ್ರಾನ್

ಜನವರಿ 11

ಮೈಕ್ರಾನ್ ಮಗಳೇ,

ಪೆನ್ನು ಹುಡುಕುವುದರಲ್ಲೇ ಅರ್ಧ ಭಾನುವಾರ ಕಳೆಯಿತು. ಕೊನೆಗೆ ಅಮ್ಮನ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು. ಗುಂಡಿ, ದಾರ, ಕತ್ತರಿಗಳ ನಡುವೆ ಪೆನ್ನಿಗೇನು ಕೆಲಸವೋ, ಅವಳನ್ನೇ ಕೇಳಬೇಕು.

ಫೋನಿನಲ್ಲಿ ಆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು "ಅಪ್ಪಾ, ಹೇಗಿದ್ದೀಯ?" ಅಂದೆ. ನಾನು "ಹೂಂ, ಚೆನ್ನಾಗಿದ್ದೀನಿ. ತಡಿ, ಅಮ್ಮನಿಗೆ ಕೊಡ್ತೀನಿ" ಅಂದುಬಿಟ್ಟೆ. ಅಂದದ್ದಷ್ಟೇ ಅಲ್ಲ, ಫೋನ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲವರೆಗೂ ಹೋದೆ. ಆ ಕಡೆ ನೀನು ಫೋನ್ ಇಟ್ಟದ್ದು ಕೇಳಿಸಿತು. ಇಷ್ಟು ವರ್ಷ ನಿನ್ನ ಜೊತೆ ನನ್ನ ಫೋನಿನ ಮಾತು ಅಷ್ಟೇ ಇತ್ತಲ್ಲ, ನಾಲಿಗೆಗೆ ಬೇರೆ ಏನೂ ಗೊತ್ತಿಲ್ಲ. ಕಾಗದದಲ್ಲಾದರೆ ಆ ತಾಪತ್ರಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಲ್ಲಿ ವಿಶೇಷವೇನಿಲ್ಲ. ಏಳುತ್ತೇನೆ, ತಿನ್ನುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಅಮ್ಮ ಹೋದಾಗಿನಿಂದ ಅಳು ಮಾತ್ರ ಬಂದಿಲ್ಲ. ಬರಬೇಕಿತ್ತು ಎನ್ನುವುದು ಎದುರುಮನೆಯಾಕೆ ನನ್ನನ್ನು ನೋಡುವ ರೀತಿಯಲ್ಲೇ ತಿಳಿಯುತ್ತದೆ. ಒಳಗೆ ಏನೋ ಇದೆ, ಇಲ್ಲವೆಂದಲ್ಲ. ಆದರೆ ಅದು ನನ್ನದಲ್ಲ, ಯಾರೋ "ಸ್ವಲ್ಪ ಇಟ್ಟುಕೊಂಡಿರಿ" ಎಂದು ಕೊಟ್ಟು ಹೋದ ಸಾಮಾನು ಅನ್ನಿಸುತ್ತದೆ.

ಕಾರ್ಖಾನೆಯಲ್ಲಿ ಒಂದು ರಾದ್ಧಾಂತವಾಗಿದೆ. ನಮ್ಮ ಅಳತೆಕೋಣೆಯ ನೇರಪಟ್ಟಿ ಬಾಗಿದೆ! ಚಿಕ್ಕವಳಿದ್ದಾಗ ನಿನಗೆ ತೋರಿಸಿದ್ದೆ, ಮರದ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ ಹೊದ್ದು ಮಲಗಿರುವ ಉಕ್ಕಿನ ಪಟ್ಟಿ. ಯಾವುದು ನೆಟ್ಟಗಿದೆ, ಯಾವುದು ಡೊಂಕು ಎಂದು ನಾವು ತೀರ್ಮಾನಿಸುವುದು ಅದನ್ನು ಮೇಲಿಟ್ಟು ನೋಡಿ. ಹಿಂದಿನಿಂದ ಬೆಳಕು ಬಿಟ್ಟರೆ ಎರಡು ಮೂರು ಮೈಕ್ರಾನ್ ಸಂದಿದ್ದರೂ ಬೆಳಕು ಇಣುಕುತ್ತದೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಮೈಕ್ರಾನ್. ನಿನ್ನ ತಲೆಗೂದಲೇ ಎಪ್ಪತ್ತು ಮೈಕ್ರಾನ್ ದಪ್ಪ. ನೀನು ತಿಂಗಳು ತುಂಬುವ ಮೊದಲೇ ಅಂಗೈಯಷ್ಟು ಹುಟ್ಟಿದಾಗ ನಾನು ಆ ಹೆಸರಿಟ್ಟದ್ದಕ್ಕೆ ಅಮ್ಮ ಎಷ್ಟು ಕೂಗಾಡಿದ್ದಳು! "ಮಗುಗೆ ಇಡೋ ಹೆಸರೇನ್ರೀ ಅದು? ನಟ್ಟು ಬೋಲ್ಟು ಅಂತ್ಲೂ ಕರೀರಿ!"

ಮೂರು ಪಟ್ಟಿ ತೆಗೆದು ನೋಡಿದೆ. ಮೂರೂ ಬಾಗಿವೆ, ಮೂರಕ್ಕೂ ನಡುಮಧ್ಯದಲ್ಲೇ ಉಬ್ಬು. ನಮ್ಮಲ್ಲಿ ಹೊರಗಿನಿಂದ ಬಂದ ಉಕ್ಕನ್ನು ಬಂದ ಕೂಡಲೇ ಅಳೆಯುವ ಪದ್ಧತಿಯಿಲ್ಲ. ಕೈಯ ಬಿಸಿ ತಾಗಿದರೂ ಸಾಕು, ಅದು ಒಂದೆರಡು ಮೈಕ್ರಾನ್ ಬೆಳೆದುಬಿಡುತ್ತದೆ. ರಾತ್ರಿಯಿಡೀ ಕಲ್ಲಿನ ಮೇಜಿನ ಮೇಲೆ ತಣಿಯಲು ಬಿಟ್ಟು, ಕೋಣೆಯ ಬಿಸಿಗೆ ಅದರ ಬಿಸಿ ಸಮವಾದ ಮೇಲೆಯೇ ಮುಟ್ಟುವುದು. ಹಾಗೆಯೇ ಬಿಟ್ಟು ಮರುದಿನ ನೋಡಿದೆ. ಅದೇ ಉಬ್ಬು. ಗ್ರೈಂಡಿಂಗ್ ವಿಭಾಗದಲ್ಲಿ ನಾವೆಲ್ಲ ಮೀಸೆ ಎಂದು ಕರೆಯುವವನಿದ್ದಾನಲ್ಲ, ಅವನೇ ಪೆಟ್ಟಿಗೆಯನ್ನು ಕೆಡವಿರಬೇಕು ಎಂದು ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡೆ. ಅವನು ಮಾತು ಬಿಟ್ಟಿದ್ದಾನೆ. ಪಟ್ಟಿಗಳನ್ನು ಪರೀಕ್ಷೆಗೆ ಹೊರಗೆ ಕಳಿಸಿದ್ದೇನೆ.

ಸಮಯಕ್ಕೆ ಊಟ ಮಾಡು.

ಅಪ್ಪ


ಜನವರಿ 19

ಅಪ್ಪಾ,

ನಿನ್ನ ಕಾಗದ ಬಂತು. ಫೋನ್ ಇಟ್ಟವಳು ನಾನೇ, ಬೇಜಾರಿನಿಂದಲ್ಲ. ಕೈ ತಾನಾಗಿ ಇಟ್ಟುಬಿಟ್ಟಿತು.

ನಾನೂ ಚೆನ್ನಾಗಿದ್ದೇನೆ. ಬೆಳಗ್ಗೆ ಆಸ್ಪತ್ರೆ, ಸಂಜೆ ಕೋಣೆ. ಅದೇ ಕಟ್ಟಡ, ಅದೇ ಬಾಗಿಲು. ಕಣ್ಣಿನ ವಿಭಾಗ ನೆಲಮಹಡಿಯಲ್ಲಿರುವುದರಿಂದ ಮೇಲೆ, ಅಮ್ಮ ಇದ್ದ ವಾರ್ಡಿಗೆ ಹೋಗುವ ಪ್ರಸಂಗವಿಲ್ಲ. ದಿನವಿಡೀ ಅವೇ ನಾಲ್ಕು ಮಾತು: "ಗಲ್ಲ ಇಡಿ. ಹಣೆ ಮುಂದಕ್ಕೆ. ಹಸಿರು ಚುಕ್ಕೆ ನೋಡಿ. ಅಲುಗಾಡಬೇಡಿ." ಯಂತ್ರ ಕಣ್ಣಿನ ಹಿಂದಿರುವ ರೆಟಿನಾದ ದಪ್ಪ ಅಳೆಯುತ್ತದೆ. ಅದೂ ಮೈಕ್ರಾನಿನಲ್ಲೇ, ನಿನಗೆ ಗೊತ್ತಲ್ಲ. ಇಟ್ಟ ಹೆಸರಿಗೆ ತಕ್ಕ ಕೆಲಸ ಸಿಕ್ಕಿತು ಎಂದು ಅಮ್ಮ ನಗುತ್ತಿದ್ದಳು.

ಪಟ್ಟಿಯ ವಿಷಯ ಓದಿದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗ ಒಂದು ಕೆಲಸ ಮಾಡು. ಅಡುಗೆಮನೆಯ ಕಿಟಕಿಯ ಎದುರು ನಿಲ್ಲು. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದ ಮಾತ್ರ ಕಿಟಕಿಯ ಕಂಬಿ ನೋಡು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡು. ಏನು ಕಂಡಿತೆಂದು ಬರೆ. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ.

ಮೈಕ್ರಾನ್


ಫೆಬ್ರವರಿ 8

ಮಗಳೇ,

ಬರೆಯುವುದು ತಡವಾಯಿತು. ಸ್ನಾನದ ಮನೆಯ ನಲ್ಲಿ ಕೆಟ್ಟಿತ್ತು, ಸರಿಮಾಡಿದೆ. ಎದುರುಮನೆಯಾಕೆ ಅಮ್ಮನ ಚಪ್ಪಲಿ ಯಾರಿಗಾದರೂ ಕೊಡುವುದಾದರೆ ತನ್ನ ಸೊಸೆಗೆ ಅಳತೆ ಸರಿಹೋಗುತ್ತದೆ ಎಂದಳು. ಕೊಟ್ಟೆ. ಕೊಟ್ಟಮೇಲೆ ಆ ಜಾಗ ಬರಿದಾಗಿ ಕಂಡಿತು ಎಂದು ನನ್ನ ಹಳೇ ಬೂಟು ಇಟ್ಟೆ.

ಪಟ್ಟಿಗಳು ಪರೀಕ್ಷೆಯಿಂದ ವಾಪಸ್ಸು ಬಂದವು. ಮೂರೂ ನೆಟ್ಟಗಿವೆಯಂತೆ. ಒಂದು ಮೈಕ್ರಾನ್ ಕೂಡ ವ್ಯತ್ಯಾಸವಿಲ್ಲ ಎಂದು ಮೊಹರು ಒತ್ತಿ ಕಳಿಸಿದ್ದಾರೆ. ನನ್ನ ಮುಖ ಎಲ್ಲಿಡಲಿ? ಮೀಸೆಯ ಹತ್ತಿರ ಹೋಗಿ "ತಪ್ಪಾಯ್ತು ಮಾರಾಯ" ಅಂದೆ. ಅವನು ಮುಖ ಊದಿಸಿಕೊಂಡೇ ಚಹಾ ಕೊಡಿಸಿದ. "ನಿನ್ನ ತಲೆ ಸರಿಯಿಲ್ಲ ಕಣಯ್ಯ ಈಗ. ಒಂದು ತಿಂಗಳು ರಜೆ ಹಾಕು" ಅಂದ. ರಜೆ ಹಾಕಿ ಮಾಡುವುದೇನು? ಮನೆಯಲ್ಲಿ ಅಳೆಯುವುದಕ್ಕೆ ಏನಿದೆ?

ಮತ್ತೇನಿಲ್ಲ. ಬಿಸಿಲು ಏರುತ್ತಿದೆ, ನೀರು ಹೆಚ್ಚು ಕುಡಿ.

ಕಿಟಕಿಯ ವಿಷಯ: ನೋಡಿದೆ. ಕಂಬಿಗಳಿಗೆ ಏನೂ ಆಗಿಲ್ಲ.

ಅಪ್ಪ


ಫೆಬ್ರವರಿ 14

ಅಪ್ಪಾ,

ಕಂಬಿಗಳಿಗೆ ಏನಾಗಿದೆ ಎಂದು ನಾನು ಕೇಳಿರಲಿಲ್ಲ.

ನೀನು ಬರೆಯದಿದ್ದರೂ ಗೊತ್ತಾಯಿತು. ಬಲಗಣ್ಣಿಗೆ ಕಂಬಿ ನಡುವೆ ಬಾಗಿ ಕಂಡಿದೆ, ಎಡಗಣ್ಣಿಗೆ ನೆಟ್ಟಗೆ ಕಂಡಿದೆ. ಪಟ್ಟಿಯನ್ನೂ ನೀನು ಬಲಗಣ್ಣಿನಿಂದಲೇ ನೋಡುವುದು. ಬಾಗಿರುವುದು ಉಕ್ಕಲ್ಲ, ನಿನ್ನ ರೆಟಿನಾ. ಯಾವುದೋ ಸಣ್ಣ ರಕ್ತನಾಳ ಕಟ್ಟಿಕೊಂಡು, ನೀರು ಸೋರಿ ಊದಿರಬೇಕು. ಇಂಥವರು ವಾರಕ್ಕೆ ಹತ್ತಾರು ಮಂದಿ ನನ್ನ ಯಂತ್ರದ ಎದುರು ಕೂರುತ್ತಾರೆ. ಬೇಗ ಬಂದರೆ ಸೂಜಿಮದ್ದು ಕೊಟ್ಟು ಊತ ಇಳಿಸುತ್ತಾರೆ. ತಡವಾದರೆ ಕಣ್ಣಿನ ನಡುಭಾಗ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ನೇರವಾಗಿ ಬರೆದಿದ್ದೇನೆ. ಅಮ್ಮ ಇದ್ದಿದ್ದರೆ ಇದನ್ನೇ ಬೆಣ್ಣೆ ಹಚ್ಚಿ ಹೇಳುತ್ತಿದ್ದಳು. ನನಗೆ ಬರುವುದಿಲ್ಲ. ಮೊದಲು ಅಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸಿ, ತಡಮಾಡದೆ ಇಲ್ಲಿಗೆ ಬಾ.

ಮೈಕ್ರಾನ್


ಮಾರ್ಚ್ 7

ಮಗಳೇ,

ನೀನು ಹೇಳಿದ ಹಾಗೆ ಇಲ್ಲಿಯ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಗಲ್ಲ ಇಡಿ ಎಂದರು, ಇಟ್ಟೆ. ನೀನು ದಿನವಿಡೀ ಹೇಳುವ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದೆ. ಬಲಗಣ್ಣಿನ ನಡುವೆ ಐನೂರ ಇಪ್ಪತ್ತು ಮೈಕ್ರಾನ್ ಬಂತು. ಎಷ್ಟಿರಬೇಕು ಎಂದು ಕೇಳಿದೆ. ಇನ್ನೂರ ಐವತ್ತರ ಆಸುಪಾಸು, ಮುನ್ನೂರು ದಾಟಬಾರದು ಎಂದರು. ದುಪ್ಪಟ್ಟು! ಇಂಥ ತುಣುಕು ನನ್ನ ಮೇಜಿಗೆ ಬಂದಿದ್ದರೆ ಎರಡನೇ ಮಾತಿಲ್ಲದೆ ಗುಜರಿಗೆ ಎಸೆಯುತ್ತಿದ್ದೆ.

ಕಣ್ಣಿನೊಳಕ್ಕೇ ಸೂಜಿ, ತಿಂಗಳಿಗೊಂದು, ಅದೂ ನಿಮ್ಮ ಆಸ್ಪತ್ರೆಯಲ್ಲೇ ಆಗಬೇಕಂತೆ. ಇಲ್ಲಿ ಆ ಸೌಕರ್ಯವಿಲ್ಲ.

ನಾನು ಅಲ್ಲಿಗೆ ಬರುವುದಿಲ್ಲ. ಸೂಜಿಗೆ ಹೆದರಿ ಅಲ್ಲ. ಆ ಕಟ್ಟಡದ ಒಳಗೆ ಕಾಲಿಡಲು ನನ್ನಿಂದಾಗದು. ಆ ಲಿಫ್ಟಿನ ಮುಂದೆ ಕಾಯುವ ಜನ, ಆ ಬಿಳಿ ಟ್ಯೂಬ್‌ಲೈಟು, ನೆನೆದರೆ ಕಾಲು ಕೀಳಲಾಗುವುದಿಲ್ಲ. ಅಮ್ಮ ಮೇಲಿನ ವಾರ್ಡಿನಲ್ಲಿ ಕಣ್ಣು ಮುಚ್ಚಿದ ಮೇಲೆ ನೀನು ಕೆಳಗೆ ಹೋಗಿ, ಕಾಯುತ್ತಿದ್ದ ಇಬ್ಬರು ರೋಗಿಗಳ ಕಣ್ಣು ಅಳೆದು ಬಂದೆ. ತಪ್ಪು ಹುಡುಕುತ್ತಿಲ್ಲ. ಎಲ್ಲ ಮುಗಿದ ಮರುದಿನ ನಾನೂ ಕಾರ್ಖಾನೆಗೆ ಹೋಗಿ ಬೇರಿಂಗು ಅಳೆದೆ. ಆವತ್ತಿನ ಅಳತೆಗಳಲ್ಲಿ ಒಂದೂ ತಪ್ಪಿರಲಿಲ್ಲ.

ಊತ ತಾನಾಗಿ ಇಳಿಯುತ್ತದೆ. ಬಿಸಿಯಲ್ಲಿ ಮುಟ್ಟಿದರೆ ಯಾವ ಅಳತೆಯೂ ಕೆಡುತ್ತದೆ. ತಣಿಯಲು ಬಿಟ್ಟಿದ್ದೇನೆ.

ಅಪ್ಪ


ಮಾರ್ಚ್ 13

ಅಪ್ಪಾ,

ಅದು ಉಕ್ಕಲ್ಲ. ಉಕ್ಕು ಕಾಯುತ್ತದೆ, ಕಣ್ಣು ಕಾಯುವುದಿಲ್ಲ. ಒಳಗೆ ನೀರು ನಿಂತಷ್ಟು ದಿನವೂ ಅಲ್ಲಿರುವ ಜೀವಕಣಗಳು ಸಾಯುತ್ತಲೇ ಇರುತ್ತವೆ.

ನಮ್ಮ ವಿಭಾಗಕ್ಕೆ ಕಟ್ಟಡದ ಹಿಂಬದಿಯಲ್ಲೂ ಒಂದು ಬಾಗಿಲಿದೆ. ಸಾಮಾನಿನ ಗಾಡಿ ಬರುವ ದಾರಿ. ಅಲ್ಲಿಂದ ಬಂದರೆ ಲಿಫ್ಟು ಕಣ್ಣಿಗೇ ಬೀಳುವುದಿಲ್ಲ. ಸಣ್ಣ ಮಕ್ಕಳ ಹಾಗೆ ಹಠ ಮಾಡಬೇಡ ಎಂದು ಅಮ್ಮ ಬೈಯುತ್ತಿದ್ದಳಲ್ಲ, ನಾನೂ ಬೈಯೋಣವೆಂದು ಕೂತೆ. ಕೋಪವೂ ಸರಿಯಾಗಿ ಬರುತ್ತಿಲ್ಲ.

ನನ್ನ ಕಣ್ಣೇ ಒಣಗಿ ಉರಿಯುತ್ತಿದೆ. ದೊಡ್ಡ ಡಾಕ್ಟರು ನೋಡಿದರು. ಕಣ್ಣಿನ ಮೇಲೆ ನೀರಿನ ಒಂದು ಪದರ ಸದಾ ಇರಬೇಕು, ಸುಮಾರು ಮೂರು ಮೈಕ್ರಾನ್. ನನಗೆ ಅಷ್ಟೂ ನಿಲ್ಲುತ್ತಿಲ್ಲವಂತೆ. "ಅಳೋದಕ್ಕೂ ಪುರುಸೊತ್ತಿಲ್ವೇನಮ್ಮ?" ಎಂದು ತಮಾಷೆ ಮಾಡಿ ಸೀಸೆಯ ಹನಿ ಬರೆದುಕೊಟ್ಟರು. ದಿನಕ್ಕೆ ನಾಲ್ಕು ಸಲ ಬಿಟ್ಟುಕೊಳ್ಳುತ್ತೇನೆ.

ಶನಿವಾರ ನಾನೇ ಬರುತ್ತೇನೆ. ಕೈ ಹಿಡಿದು ಕರೆದುಕೊಂಡು ಬರುತ್ತೇನೆ. ಬಟ್ಟೆ ಕಟ್ಟಿಟ್ಟುಕೊಂಡಿರು.

ಮೈಕ್ರಾನ್


ಮಾರ್ಚ್ 24

ಅಪ್ಪಾ,

ಶನಿವಾರ ಬರಲಾಗಲಿಲ್ಲ. ಜೊತೆಯವಳು ರಜೆ ಹಾಕಿದ್ದಳು, ಯಂತ್ರ ಬಿಟ್ಟು ಬರುವ ಹಾಗಿರಲಿಲ್ಲ. ನೀನೇ ಬಸ್ಸು ಹತ್ತಿ ಬಾ. ನಿಲ್ದಾಣದಲ್ಲಿ ಕಾಯುತ್ತೇನೆ.

ಮೈಕ್ರಾನ್


ಏಪ್ರಿಲ್ 5

ಮಗಳೇ,

ಪರವಾಗಿಲ್ಲ. ಕೆಲಸ ಎಂದಮೇಲೆ ಕೆಲಸ. ಕಟ್ಟಿಟ್ಟ ಬಟ್ಟೆ ಬಿಚ್ಚಿ ಒಳಗಿಟ್ಟೆ.

ಅಪ್ಪ


ಜೂನ್ 2

ಅಪ್ಪಾ,

ಏಪ್ರಿಲಿನಿಂದೀಚೆಗೆ ನಾನು ಬರೆದ ಎರಡು ಕಾಗದಕ್ಕೂ ನಿನ್ನ ಉತ್ತರವಿಲ್ಲ. ಒಂದು ಸಾಲು ಬರೆ. ಕಣ್ಣು ಹೇಗಿದೆ?

ಮೈಕ್ರಾನ್


ಸೆಪ್ಟೆಂಬರ್ 9

ಮೈಕ್ರಾನ್ ಮಗಳೇ,

ಇಷ್ಟು ತಿಂಗಳು ಬರೆಯದಿದ್ದವನು ಈಗ ಬರೆಯುತ್ತಿದ್ದೇನೆಂದರೆ ಒಳ್ಳೆಯ ಸುದ್ದಿಯೇ ಇರಬೇಕು ಎಂದುಕೊಂಡಿರುತ್ತೀಯ. ಹೌದು!

ನಿನ್ನೆ ಮತ್ತೆ ಇಲ್ಲಿಯ ಡಾಕ್ಟರ ಹತ್ತಿರ ಹೋಗಿ ಅಳೆಸಿದೆ. ಎಷ್ಟು ಗೊತ್ತೇ? ಇನ್ನೂರ ನಲವತ್ತು. ಐನೂರ ಇಪ್ಪತ್ತು ಇದ್ದದ್ದು ಇನ್ನೂರ ನಲವತ್ತಕ್ಕೆ ಇಳಿದಿದೆ. ಮಿತಿಯೊಳಗೆ! ಒಂದು ಸೂಜಿಯಿಲ್ಲ, ಒಂದು ಮಾತ್ರೆಯಿಲ್ಲ. ಡಾಕ್ಟರು ಇನ್ನೂ ಏನೇನೋ ಹೇಳುತ್ತಿದ್ದರು, ನಾನು ಅಷ್ಟರಲ್ಲಿ ಸಂಖ್ಯೆ ನೋಡಿಬಿಟ್ಟಿದ್ದೆ. "ಸರಿ ಸಾರ್, ಪಾಸಾಯ್ತಲ್ಲ" ಎಂದು ಎದ್ದು ಬಂದೆ. ಅವರು ನನ್ನ ಹಿಂದೆಯೇ ಬಾಗಿಲವರೆಗೆ ಬಂದರು, ಪಾಪ, ಒಳ್ಳೆಯ ಮನುಷ್ಯ.

ಕಾರ್ಖಾನೆಗೆ ಹೋಗಿ ಹೇಳಿದೆ. ಮೀಸೆ ನನ್ನ ಬೆನ್ನು ತಟ್ಟಿದ ರಭಸಕ್ಕೆ ಚಹಾ ಅಂಗಿಯ ಮೇಲೆ ಚೆಲ್ಲಿತು. ಇದುವರೆಗೆ ಸುಮ್ಮನೆ ದಿನ ತಳ್ಳುತ್ತಿದ್ದೆ ಮಗಳೇ. ನಿನ್ನೆ ಸಂಜೆ ಮಾತ್ರ ಮನೆಗೆ ಬರುವಾಗ ದಾರಿಯಲ್ಲಿ ಶಿಳ್ಳೆ ಹಾಕಿದೆ. ಅರ್ಧದಲ್ಲಿ, ಇದನ್ನು ಯಾರಿಗೆ ಹೇಳಲು ಇಷ್ಟು ಅವಸರದಲ್ಲಿ ಹೋಗುತ್ತಿದ್ದೇನೆ ಎಂದು ನೆನಪಾಗಿ ನಿಲ್ಲಿಸಿದೆ. ಆದರೂ ಹಾಕಿದ್ದಂತೂ ನಿಜ.

ಓದುವಾಗ ಅಕ್ಷರದ ನಡುವೆ ಬೂದಿ ಬಣ್ಣದ ಒಂದು ಚುಕ್ಕೆ ಬರುತ್ತದೆ. ಬಲಗಣ್ಣೊಂದರಿಂದಲೇ ನೋಡಿದರೆ ಎದುರು ಬಂದವರ ಮುಖದಲ್ಲಿ ಮೂಗು ಇರುವುದಿಲ್ಲ. ಅದೂ ನಿಧಾನಕ್ಕೆ ಸರಿಹೋಗುತ್ತದೆ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ಅದಕ್ಕೇ ಹಾಳೆ ಹೆಚ್ಚು ಹಿಡಿಯಿತು. ಅಳತೆಯ ಚಿತ್ರವನ್ನು ಜೊತೆಗೆ ಇಟ್ಟಿದ್ದೇನೆ. ನಿಮ್ಮ ದೊಡ್ಡ ಡಾಕ್ಟರಿಗೂ ತೋರಿಸು. ತಣಿಯಲು ಬಿಟ್ಟರೆ ಏನಾಗುತ್ತದೆ ಎಂದು ಅವರೂ ನೋಡಲಿ.

ಅಪ್ಪ


ಸೆಪ್ಟೆಂಬರ್ 20

ಅಪ್ಪಾ,

ಈ ಕಾಗದವನ್ನು ನಾಲ್ಕು ಸಲ ಶುರುಮಾಡಿದೆ. "ತುಂಬಾ ಸಂತೋಷ" ಎಂದು ಬರೆದು ಹರಿದೆ. "ಒಮ್ಮೆ ಬಂದು ಹೋಗು, ನೋಡೋಣ" ಎಂದು ಬರೆದು ಅದನ್ನೂ ಹರಿದೆ. ನೀನು ಜೀವನದಲ್ಲಿ ಯಾವತ್ತೂ ಕೆಟ್ಟ ತುಣುಕಿಗೆ ಪಾಸ್ ಮೊಹರು ಒತ್ತಿದವನಲ್ಲ. ನಾನು ಒತ್ತಿದರೆ ನಿನಗೆ ಗೊತ್ತಾಗದೇ ಇರುವುದಿಲ್ಲ.

ಚಿತ್ರ ನೋಡಿದೆ. ದೊಡ್ಡ ಡಾಕ್ಟರೂ ನೋಡಿದರು. ಇನ್ನೂರ ನಲವತ್ತು ಎನ್ನುವುದು ನಿಜ. ಯಂತ್ರ ಸುಳ್ಳು ಹೇಳಿಲ್ಲ. ಆದರೆ ಮೈಕ್ರಾನ್ ದಪ್ಪವನ್ನಷ್ಟೇ ಹೇಳುತ್ತದೆ, ಒಳಗೆ ಏನು ಉಳಿದಿದೆ ಎಂದು ಹೇಳುವುದಿಲ್ಲ. ಚೆನ್ನಾಗಿರುವ ರೆಟಿನಾದಲ್ಲಿ ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಪದರ ಕಾಣುತ್ತದೆ. ಕೆಳಗೆ ಒಂದು ಬಿಳಿ ಗೆರೆ ಇರುತ್ತದೆ, ಬೆಳಕು ಹಿಡಿಯುವುದು ಅಲ್ಲಿ. ನಿನ್ನ ಚಿತ್ರದಲ್ಲಿ ಹಾಳೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಬಿಳಿ ಗೆರೆ ನಡುವೆ ಇಲ್ಲ. ಊತ ಇಳಿದದ್ದು ವಾಸಿಯಾಗಿ ಅಲ್ಲ. ಊದಿಕೊಳ್ಳಲು ಅಲ್ಲಿ ಏನೂ ಉಳಿದಿಲ್ಲ.

ಬೂದಿ ಬಣ್ಣದ ಚುಕ್ಕೆ ಹೋಗುವುದಿಲ್ಲ ಅಪ್ಪ. ಬಲಗಣ್ಣಿನ ನಡುಭಾಗ ಹೋಗಿದೆ. ಇನ್ನು ಸೂಜಿ ಹಾಕಿದರೂ ಅದು ಬರುವುದಿಲ್ಲ.

ಎಡಗಣ್ಣು ಇದೆ. ಬಲಗಣ್ಣಿಗೆ ಆದದ್ದು ಎಡಗಣ್ಣಿಗೂ ಆಗಬಹುದು. ನಿನ್ನ ಬಿಪಿ ಎಷ್ಟಿದೆ ಎಂದು ಯಾರಾದರೂ ನೋಡಿದ್ದಾರೆಯೇ? ಅಮ್ಮ ಹೋದ ಮೇಲೆ ನೀನು ಮಾತ್ರೆ ತೆಗೆದುಕೊಳ್ಳುತ್ತಿದ್ದೀಯೋ ಇಲ್ಲವೋ ನಾನು ಕೇಳಲಿಲ್ಲ. ನೀನು ಹೇಳಲಿಲ್ಲ. ಮಾತ್ರೆ ಅಂಗೈಗೆ ಹಾಕುತ್ತಿದ್ದವಳು ಅವಳು ತಾನೇ?

ಇಲ್ಲಿ ಎಲ್ಲರೂ ನನಗೆ "ಚೆನ್ನಾಗಿ ಸುಧಾರಿಸಿಕೊಂಡೆ" ಎನ್ನುತ್ತಾರೆ. ನಿನ್ನ ಚಿತ್ರ ಕೈಯಲ್ಲಿ ಹಿಡಿದಾಗ ಆ ಮಾತು ನೆನಪಾಯಿತು, ಭಯವಾಯಿತು. ಅಮ್ಮ ಹೋದ ಮೇಲೆ ಮೊದಲ ಸಲ ನನಗೆ ಒಳಗೆ ಏನಾದರೂ ಆದದ್ದು ಅದು.

ಎಡಗಣ್ಣನ್ನಾದರೂ ನನಗೆ ತೋರಿಸು. ಬೇಡಿಕೊಳ್ಳುತ್ತೇನೆ.

ಮೈಕ್ರಾನ್


ಅಕ್ಟೋಬರ್ 4

ಮಗಳೇ,

ನಿನ್ನ ಕಾಗದ ಓದಿ ಮೊದಲು ಮೈಯೆಲ್ಲ ಉರಿಯಿತು. ನಾನು ಪಾಸು ಮಾಡಿದ ತುಣುಕನ್ನು ಫೇಲು ಮಾಡಲು ಇವಳು ಯಾರು ಎಂದು ಮೇಜಿನ ಮೇಲೆ ಎಸೆದು ಹೋದೆ.

ಮರುದಿನ ಅಳತೆಕೋಣೆಗೆ ಬೇಗ ಹೋಗಿ, ನೇರಪಟ್ಟಿ ತೆಗೆದಿಟ್ಟು, ಎಡಗಣ್ಣು ಮುಚ್ಚಿಕೊಂಡು ನೋಡಿದೆ. ಈಗ ಅದು ಬಾಗಿಲ್ಲ. ಎರಡು ತುದಿ ಇವೆ, ನಡುವೆ ಪಟ್ಟಿಯೇ ಇಲ್ಲ. ಮೀಸೆ ಬಂದು ಏನು ಎಂದ. "ಹೊರಗಿನ ಅಳತೆ ಸರಿಯಿದೆ, ಒಳಗೆ ಟೊಳ್ಳು" ಅಂದೆ. ಅಂಥ ತುಣುಕು ವರ್ಷಕ್ಕೆ ಒಂದೆರಡಾದರೂ ಬರುತ್ತವೆ. ಬೆರಳಿಂದ ತಟ್ಟಿದರೆ ಸದ್ದಿನಲ್ಲೇ ಹೇಳುತ್ತಿದ್ದೆ. ನನ್ನದನ್ನು ತಟ್ಟಿ ನೋಡಲಿಲ್ಲ. ಅಳತೆಕೋಣೆಯ ಬೀಗದ ಕೈ ಅವನಿಗೆ ಕೊಟ್ಟೆ. ಸೋಮವಾರದಿಂದ ನನಗೆ ಪ್ಯಾಕಿಂಗಿನಲ್ಲಿ ಕೆಲಸ. ಪೆಟ್ಟಿಗೆಗೆ ಹುಲ್ಲು ತುಂಬುವುದು, ಮೊಳೆ ಹೊಡೆಯುವುದು. ಅಲ್ಲಿ ಮೈಕ್ರಾನಿನ ಹಂಗಿಲ್ಲ.

ನೀನು ಹೇಳಿದ್ದು ಸರಿ, ಮಾತ್ರೆ ನಿಂತುಹೋಗಿತ್ತು. ಡಬ್ಬಿ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಈಗ ಬೇರೆ ತಂದಿದ್ದೇನೆ.

ಇನ್ನೊಂದು ಮಾತು. ಮಾರ್ಚ್ ತಿಂಗಳ ಆ ಶನಿವಾರ ನಾನು ಮಹಡಿಯ ಕಿಟಕಿಯಲ್ಲಿ ನಿಂತಿದ್ದೆ. ರಸ್ತೆಯ ಮೂಲೆಯಲ್ಲಿ ನಿನ್ನ ನೀಲಿ ಚೀಲ ಕಂಡಿತು. ನೀನು ಮೇಲೆ ನೋಡಿದೆ, ಸ್ವಲ್ಪ ಹೊತ್ತು ನಿಂತೆ, ತಿರುಗಿ ಹೋದೆ. ಎಡಗಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಕಿಟಕಿಗೆ ಅಮ್ಮನ ಹಸಿರು ಟವೆಲು ಒಣಹಾಕಿದ್ದೆ. ಅದನ್ನು ಕಂಡೇ ಹೋದೆಯೆಂದು ಕಾಣುತ್ತದೆ. ವಾರಕ್ಕೊಮ್ಮೆ ಒಗೆದು ಹಾಕುತ್ತೇನೆ. ಯಾಕೆ ಎಂದು ಕೇಳಬೇಡ. ನಾನೂ ಕೂಗಬಹುದಿತ್ತು. ಕೂಗಲಿಲ್ಲ. ನಿನಗೆ ಈ ಮನೆ, ನನಗೆ ಆ ಕಟ್ಟಡ. ಇಬ್ಬರದೂ ಒಂದೇ ರೋಗ, ಕಣ್ಣು ಹೋದದ್ದು ಒಬ್ಬನದು, ಅಷ್ಟೇ. ಇದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಕಣ್ಣು ನನ್ನದು, ಹಠವೂ ನನ್ನದೇ.

ಹದಿನೆಂಟಕ್ಕೆ ಬರುತ್ತೇನೆ. ಸಾಮಾನಿನ ಗಾಡಿಯ ಬಾಗಿಲು ಬೇಡ, ಮುಂಬಾಗಿಲಿನಿಂದಲೇ ಹೋಗೋಣ. ಮೊದಲು ಮೇಲೆ, ಆ ವಾರ್ಡಿಗೆ. ಆಮೇಲೆ ಕೆಳಗೆ, ನಿನ್ನ ಯಂತ್ರಕ್ಕೆ.

ಒಂದೇ ಒಂದು ಕೋರಿಕೆ. ಬಂದ ಕೂಡಲೇ ಏನನ್ನೂ ಕೇಳಬೇಡ, ಏನನ್ನೂ ನೋಡಬೇಡ. ಒಂದು ರಾತ್ರಿ ನಿನ್ನ ಕೋಣೆಯಲ್ಲಿ ಸುಮ್ಮನೆ ಇಟ್ಟಿರು. ಮರುದಿನ ಬೇಕಾದ್ದು ಅಳೆದುಕೋ.

ಅಪ್ಪ


ಅಕ್ಟೋಬರ್ 27

ಅಪ್ಪಾ,

ಕ್ಷೇಮವಾಗಿ ತಲುಪಿದ್ದು ಎದುರುಮನೆಯಾಕೆಯಿಂದ ತಿಳಿಯಿತು. ಅವಳೇ ಫೋನ್ ಮಾಡಿ, ನೀನು ಬಂದ ಕೂಡಲೇ ಅವಳ ಸೊಸೆಯ ಕಾಲಿನತ್ತ ನೋಡಿ "ಚಪ್ಪಲಿ ಸರಿಹೋಯ್ತಲ್ಲ" ಎಂದೆಯೆಂದು ಹೇಳಿದಳು.

ಎಡಗಣ್ಣಿನ ಪೂರ್ತಿ ವರದಿ ಬಂತು. ನಡುವೆ ಇನ್ನೂರ ಐವತ್ತೊಂದು. ಪದರಗಳೆಲ್ಲ ಬೇರೆಬೇರೆಯಾಗಿ ಕಾಣುತ್ತವೆ, ಬಿಳಿ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ಕಡಿದಿಲ್ಲ. ನಿನ್ನ ನೇರಪಟ್ಟಿಯಷ್ಟೇ ನೆಟ್ಟಗಿದೆ. ಮೊಹರು ಒತ್ತಿದ್ದೇನೆ, ಈ ಸಲ ಒಳಗೆ ನೋಡಿ. ಮಾತ್ರೆ ತಪ್ಪಿಸಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸು.

ಮೇಲಿನ ವಾರ್ಡಿನಲ್ಲಿ ನೀನು ಆಡಿದ ಮಾತು ತಲೆಯಲ್ಲೇ ಉಳಿದಿದೆ. ಅಮ್ಮನ ಹಾಸಿಗೆಯಲ್ಲಿ ಬೇರೆ ಯಾರೋ ಹೆಂಗಸು ಕೂತು ಮಗಳಿಂದ ಜಡೆ ಹೆಣೆಸಿಕೊಳ್ಳುತ್ತಿದ್ದರು. ನೀನು ಅವರ ಹಿಂದೆ ನೋಡುತ್ತಾ, "ಇಲ್ಲೊಂದು ಕಿಟಕಿ ಇತ್ತಾ? ನಾನು ನೋಡೇ ಇರಲಿಲ್ಲ" ಅಂದೆ. ಎರಡು ವಾರ ಆ ಕಿಟಕಿಯ ಪಕ್ಕದಲ್ಲೇ ಕೂತಿದ್ದವನು ನೀನು. ನನಗೂ ಅದು ನೆನಪಿರಲಿಲ್ಲ.

ಈಗ ನಿನಗೆ ಕಾಣದೇ ಹೋದ ಒಂದು ವಿಷಯ ಬರೆಯಬೇಕು. ಯಂತ್ರದ ಎದುರು ನಿನ್ನನ್ನು ಕೂರಿಸಿ, ಬಾಯಿಗೆ ಬಂದ ಹಾಗೆ "ಗಲ್ಲ ಇಡಿ, ಹಣೆ ಮುಂದಕ್ಕೆ, ಹಸಿರು ಚುಕ್ಕೆ ನೋಡಿ, ಅಲುಗಾಡಬೇಡಿ" ಅಂದೆ. ನಿನಗೆ ಬಹುವಚನ! ನೀನು ನಗದೆ ಗಲ್ಲ ಇಟ್ಟೆ. ಚಿತ್ರ ಕೆಟ್ಟಿತು. ಮತ್ತೆ ತೆಗೆದೆ, ಮತ್ತೆ ಕೆಟ್ಟಿತು. ಮೂರನೇ ಸಲವೂ ಬರೀ ಮಸುಕು. ನೀನು ಗಲ್ಲ ಎತ್ತದೆಯೇ, "ನಾನು ಅಲುಗಾಡಿದ್ನಾ?" ಎಂದು ಕೇಳಿದೆ. "ಸ್ವಲ್ಪ" ಅಂದೆ.

ಸುಳ್ಳು ಅಪ್ಪ. ನೀನು ಕಲ್ಲಿನ ಮೇಜಿನ ಮೇಲಿಟ್ಟ ಉಕ್ಕಿನ ಹಾಗೆ ಕೂತಿದ್ದೆ. ರೆಪ್ಪೆಯೂ ಆಡಲಿಲ್ಲ. ಪರದೆಯ ತುಂಬ ನಿನ್ನ ಕಣ್ಣೊಂದೇ ಇತ್ತು, ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರದಲ್ಲಿ, ನಾನು ಹೇಳಿದಲ್ಲಿಗೇ ನೆಟ್ಟುಕೊಂಡು. ನನಗೆ ಪರದೆ ಕಾಣುತ್ತಿರಲಿಲ್ಲ. ಯಂತ್ರದ ಹಿಡಿಯನ್ನು ಎತ್ತ ತಿರುಗಿಸುತ್ತಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ. ಮೂಗು, ಗಲ್ಲ, ಕೈಗವಸು, ಎಲ್ಲ ಒದ್ದೆ. ಏಳು ತಿಂಗಳಿಂದ ಸೀಸೆಯ ಹನಿ ಬಿಟ್ಟುಕೊಂಡವಳು ನಾನು. ಯಂತ್ರದ ಆಚೆ ನೀನು, ಈಚೆ ನಾನು, ಸದ್ದು ಮಾಡಲಿಲ್ಲ ಎಂದುಕೊಂಡಿದ್ದೆ.

ನೀನು ಆಗ ಹಸಿರು ಚುಕ್ಕೆಯಿಂದ ಕಣ್ಣು ತೆಗೆಯದೆ, "ಅವಸರ ಇಲ್ಲ. ತಣೀಲಿ" ಅಂದೆ. ನಿನಗೆ ಕೇಳಿಸಿತ್ತು ಎಂದು ಆಗ ಗೊತ್ತಾಯಿತು.

ಭಾನುವಾರ ಬೆಳಗ್ಗೆ ಫೋನ್ ಮಾಡುತ್ತೇನೆ. ಬಾಯಿ ತಪ್ಪಿ "ತಡಿ, ಅಮ್ಮನಿಗೆ ಕೊಡ್ತೀನಿ" ಎಂದು ಬಂದರೆ ಬರಲಿ. ಈ ಸಲ ನಾನು ಇಡುವುದಿಲ್ಲ.

ಮೈಕ್ರಾನ್